ಭಾವನವರಿಗೆ ನಾನು ಸೋತ ಚಳಿಗಾಲ

ಇಸ್ಪೀಟಿನಲ್ಲಿ ಗೆಲ್ಲಲು ಮೋಸ ಮಾಡುವವರನ್ನು ನೀವು ಕಂಡಿರಬಹುದು. ನಾನು ಒಂದಿಡೀ ಚಳಿಗಾಲ ಸೋಲುವುದಕ್ಕೆ ಮೋಸ ಮಾಡಿದೆ.

ಎದುರಾಳಿ ಅಕ್ಕನ ಗಂಡ. ನಿವೃತ್ತಿಯಾದ ಮೇಲೆ ಗ್ರೇಟರ್ ನೋಯ್ಡಾದ ಫ್ಲ್ಯಾಟು ಸೇರಿದ ಭಾವ, ಭಾನುವಾರ ತಪ್ಪದೆ ಅಕ್ಕನೊಡನೆ ದಿಲ್ಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬರುತ್ತಿದ್ದರು. ಊಟ ಮುಗಿಸಿ ಹುಲ್ಲಿನ ಮೇಲೆ ಬಿಸಿಲಿಗೆ ಚಾಪೆ, ನಡುವೆ ರಮ್ಮಿ, ಪಣಕ್ಕೆ ಕಡಲೆಕಾಯಿ. ಭಾವ ಗೆದ್ದರೆಂದರೆ ಎದುರುಮನೆಯ ಸರ್ದಾರ್ಜಿ ಬಾಲ್ಕನಿಗೆ ಬಂದು ನೋಡಬೇಕು, ಅಷ್ಟು ಗದ್ದಲ. "ಫೈಲು ತಳ್ಳಿದ ಹಾಗಲ್ಲವಯ್ಯಾ ಇದು!" ಎಂದು ನನ್ನ ಬೆನ್ನಿಗೊಂದು ಗುದ್ದು.

ಅವರಿಗೆ ಎಪ್ಪತ್ತು ದಾಟಿದ ಮೇಲೆ ಗುದ್ದು ನಿಂತಿತು. ಗೆದ್ದರೂ ಎಲೆ ಕೆಳಗಿಟ್ಟು ಶಾಲು ಹೊದ್ದು ಕೂರುವರು.

"ಮೊಮ್ಮಗ ಹುಟ್ಟಿದ ಸುದ್ದಿಗೂ ‘ಅಚ್ಛಾ’ ಅಂದು ಪೇಪರ್ ಓದಿದರು ಕಣೋ. ಎಲ್ಲಿ ಹೋಯ್ತೋ ಇವರ ಖುಷಿ!" ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಅಂದಿನಿಂದ ಭಾವನವರಿಗೆ ಬೇಕಾದ ಎಲೆಯನ್ನೇ ಬಿಸಾಡುತ್ತ ಬಂದೆ. ಗೆಲುವಿನ ಮೇಲೆ ಗೆಲುವು. ಮುಖ ಮಾತ್ರ ಇನ್ನಷ್ಟು ಬಾಡಿತು. ಫಲ ಕಾಣದಿದ್ದರೆ ಅದನ್ನೇ ಇನ್ನಷ್ಟು ಮಾಡುವುದು ಸರ್ಕಾರಿ ಅಭ್ಯಾಸ. ಇನ್ನಷ್ಟು ಸೋತೆ.

ಕೊನೆಗೆ ಯೂನಿವರ್ಸಿಟಿಯಲ್ಲಿ ಮಿದುಳಿನ ವಿಷಯ ಓದುವ ಮಗಳನ್ನು ಕಾರಣ ಕೇಳಿದೆ. "ಡೋಪಮೀನ್ ಅಂತ ಇರತ್ತೆ ನಾ ಪಪ್ಪಾ, ಖುಷಿ ಏಳಿಸೋ ಕೆಮಿಕಲ್, ಅದನ್ನ ಹಿಡ್ಕೊಳ್ಳೋ ರಿಸೆಪ್ಟರ್ಸ್ ವಯಸ್ಸಾದಂತೆ ಕಮ್ಮಿ ಆಗ್ತಾ ಹೋಗತ್ತೆ." ನಮ್ಮ ಹಿರಿಯರು ಅರವತ್ತಕ್ಕೆ ಅರಳುಮರಳು ಎಂದು ಮುಗಿಸಿಬಿಟ್ಟಿದ್ದರು, ಖುಷಿಯ ಮಾತೆತ್ತಿರಲಿಲ್ಲ. ಕಾಗದವೇನೋ ಊರಿಂದ ಬರುತ್ತಿದೆ, ಯಾರೋ ಬಾಗಿಲ ಅಂಚೆಪೆಟ್ಟಿಗೆಗಳನ್ನು ಒಂದೊಂದಾಗಿ ಕಿತ್ತೊಯ್ದಿದ್ದಾರೆ ಎಂದು ನಾನು ಅರ್ಥಮಾಡಿಕೊಂಡೆ. ಅವಳಿಗೆ ನನ್ನ ಸೋಲಿನ ಗುಟ್ಟನ್ನೂ ಹೇಳಿದೆ.

"ಅರೇ! ಗೊತ್ತಿರೋ ಗೆಲುವಿಗೆ ಅದು ಏಳೋದೇ ಇಲ್ಲ. ಅಚಾನಕ್ ಬಂದ್ರೇ ಮಜಾ. ಮಾವಂಗೆ ಉಳಿದಿದ್ದ ಸ್ವಲ್ಪಾನೂ ನೀನೇ ಖತಮ್..." ನನ್ನ ಮುಖ ನೋಡಿ ಅವಳು ನಿಲ್ಲಿಸಿದಳು.

ಮರುವಾರ ಮನಸ್ಸಿಟ್ಟು ಆಡಿ ಭಾವನವರನ್ನು ಮೂರಾಟ ಸೋಲಿಸಿದೆ. ಅವರು ನನ್ನನ್ನೇ ದಿಟ್ಟಿಸಿದರು.

"ನೀನು ಬೇಕಂತಲೇ ಸೋಲ್ತಿದ್ದೆ, ನಂಗೆ ಗೊತ್ತಿತ್ತು ಕಣೋ. ಅಷ್ಟು ದೂರದಿಂದ ಬಸ್ಸಲ್ಲಿ ಬರೋದು ಮುದುಕ ಅನ್ನಿಸ್ಕೊಳ್ಳೋಕಾ?"

ನಾನು ಚಾಪೆಯ ಮೇಲಿನ ಎಲೆಗಳನ್ನು ಒಟ್ಟುಮಾಡಿದೆ.

"ಹಾಕು ಎಲೆ," ಎಂದರು ಭಾವ.

ಅಂದು ಅವರು ಒಂದಾಟವನ್ನೂ ಗೆಲ್ಲಲಿಲ್ಲ. ಸಂಜೆ ಬಸ್ಸಿನ ಮೆಟ್ಟಿಲು ಎರಡನೆಯ ಯತ್ನಕ್ಕೆ ದಕ್ಕಿತು. ಅಲ್ಲಿಂದಲೇ ತಿರುಗಿ, "ಮುಂದಿನ ವಾರ ಬೆಳಿಗ್ಗೆ ಹತ್ತಕ್ಕೇ ಕೂರೋಣ್ವೇನೋ?" ಎಂದು ತಾವಾಗಿ ಕೇಳಿದರು.