ರೆಕ್ಕೆಯಲ್ಲೇ ಉಳಿದ ಸೂಜಿ

ಬೆಳಗಿನ ಐದು ಗಂಟೆ. ಮಾಲ್ಟಾದ ಜುಲೈ ಸೂರ್ಯನಿಗೆ ಯುದ್ಧದ ಗೊಡವೆಯಿಲ್ಲ, ಬೇಗನೇ ಏಳುತ್ತಾನೆ. ಅವನಿಗಿಂತ ಮೊದಲು ಎದ್ದವರು ನಮ್ಮ ಗುಡ್ಯಾ ಊರಿನ ಸ್ತಿಯೆನಾ ಷ್ವೇರೆಬ್. ಊರ ಕೆಳಗಿನ ವಿಮಾನ ಮೈದಾನದಲ್ಲಿ ಮರದ ಏಣಿಯ ಮೇಲೆ ಕುಳಿತು ಯುದ್ಧವಿಮಾನದ ರೆಕ್ಕೆ ಹೊಲಿಯುತ್ತಿದ್ದಾರೆ. ಹೌದು, ಹೊಲಿಯುತ್ತಿದ್ದಾರೆ. ನಮ್ಮನ್ನು ಕಾಯುವ ಈ ವಿಮಾನಗಳ ರೆಕ್ಕೆ ಬಟ್ಟೆಯದು.

ಅಂಥವು ಎಷ್ಟಿವೆ ಎಂದು ಪತ್ರಿಕೆಯಲ್ಲಿ ಬರೆದರೆ ಸೆನ್ಸಾರಿನವರು ನನ್ನ ಕಿವಿ ಹಿಂಡುತ್ತಾರೆ. ಎಣಿಸಲು ಒಂದು ಕೈ ಸಾಕು, ಬೆರಳೂ ಮಿಗುತ್ತದೆ ಎಂದಷ್ಟೇ ಹೇಳುತ್ತೇನೆ. ಸಿಸಿಲಿಯಿಂದ ಬರುವ ಇಟಲಿಯ ಬಾಂಬರುಗಳನ್ನು ಇವು ಅಟ್ಟಿಸಿಕೊಂಡು ಹೋಗುವುದೆಂದರೆ ಕತ್ತೆಗಾಡಿಯಲ್ಲಿ ಬಸ್ಸು ಹಿಡಿಯಹೊರಟಂತೆ. ಆದರೂ ಪೈಲಟ್‌ಗಳು ದಿನಕ್ಕೆ ಮೂರು ಸಲ ಏರುತ್ತಾರೆ, ರೆಕ್ಕೆ ಹರಿದುಕೊಂಡು ಇಳಿಯುತ್ತಾರೆ.

ಸ್ತಿಯೆನಾ ಅವರಿಗೆ ಐವತ್ತೆರಡು. ಮೂವತ್ತು ವರ್ಷ ಹೊಲಿದದ್ದು ಚರ್ಚಿನ ಹಬ್ಬದ ಬಾವುಟ. ಯುದ್ಧದ ಮೊದಲ ದಿನವೇ ಬಂದರಿಗೆ ಬಿದ್ದ ಬಾಂಬಿಗೆ ಅಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡರು. ಹತ್ತನೇ ದಿನ ಅಮ್ಮನ ಕಾಲದ ಸೂಜಿಪೆಟ್ಟಿಗೆ ಹಿಡಿದು ಮೈದಾನದ ಗೇಟಿಗೆ ಬಂದು ನಿಂತರು.

"ಮನೇಲಿ ಕೂತು ಅತ್ರೆ ಅವರು ಎದ್ದು ಬರ್ತಾರಾ? ಇಲ್ಲಿ ಹೊಲಿದ್ರೆ ಇನ್ನೊಬ್ಬಳ ಮಗ ಆದ್ರೂ ನೆಟ್ಟಗೆ ಕೆಳಗಿಳೀತಾನೆ," ಎನ್ನುತ್ತಾರೆ.

ದಿನಕ್ಕೆ ಹದಿನೈದು ಇಪ್ಪತ್ತು ಹರುಕು. ಗೇಣುದ್ದಕ್ಕೆ ಮೂವತ್ತು ಹೊಲಿಗೆ, ಒಂದೂ ಕಮ್ಮಿಯಿಲ್ಲ. ಹೊಲಿದ ಮೇಲೆ ತೇಪೆ ಅಂಟಿಸಿ ಮೆರುಗುಬಣ್ಣ ಬಳಿಯುವವನು ಪಕ್ಕದ ಆಷಾಕ್ ಊರಿನ ವಿಸ್ತಿನ್. ಗುಡ್ಯಾಕ್ಕೂ ಆಷಾಕ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ.

"ಅಕ್ಕಾ, ಹೊಲಿಗೆ ನಿಮ್ಮೂರ ಬಾವುಟದ ಥರ ಸೊಟ್ಟಗಾಯ್ತಲ್ಲ!" ಎಂದು ಅವನು ಕೆಳಗಿನಿಂದ ಕೆಣಕುತ್ತಾನೆ.

"ನಿಮ್ಮೂರ ಬಾವುಟ ಹೊಲಿದುಕೊಟ್ಟವಳೂ ನಾನೇ ಕಣೋ. ಬಾಯಿ ಮುಚ್ಕೊಂಡು ಬಣ್ಣ ಕಲಸು."

ಅಷ್ಟರಲ್ಲಿ ಸ್ತಿಯೆನಾ ಅವರ ಕೈ ತಟ್ಟನೆ ನಿಲ್ಲುತ್ತದೆ. ಇದು ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತು. ಯುದ್ಧ ಶುರುವಾದಾಗಿನಿಂದ ಗಂಟೆ ಬಾರಿಸಲು ಅಪ್ಪಣೆಯಿಲ್ಲ, ಆದರೆ ಮೂವತ್ತು ವರ್ಷ ಪಳಗಿದ ಕೈಗೆ ಯಾರ ಅಪ್ಪಣೆ ಬೇಕು? ಸೂಜಿಯನ್ನು ಬಟ್ಟೆಗೆ ಚುಚ್ಚಿ, ಏಣಿ ಇಳಿದು, ಬಾವುಟ ಹೊಲಿಯುವ ಹೆಂಗಸರೆಲ್ಲ ಮಾಡುವಂತೆ ನೆಲಕ್ಕೆ ಮೊಣಕಾಲೂರುತ್ತಾರೆ.

ಪ್ರಾರ್ಥನೆ ಅರ್ಧದಲ್ಲಿರುವಾಗ ಸೈರನ್ ಕೂಗುತ್ತದೆ. ಪೈಲಟ್ ಹ್ಯಾಲಮ್ ಓಡಿಬರುತ್ತಾನೆ. ಇಪ್ಪತ್ತಮೂರರ ಇಂಗ್ಲಿಷ್ ಹುಡುಗ, ಉದ್ದ ಕಾಲು ನೋಡಿ ನಮ್ಮೂರವರು ಇಟ್ಟ ಹೆಸರು ಕೊಕ್ಕರೆ. ಸ್ತಿಯೆನಾ ಏಣಿಯಿಂದ ಇಳಿದಿದ್ದಾರೆಂದರೆ ಕೆಲಸ ಮುಗಿಯಿತೆಂದೇ ಎಲ್ಲರ ಲೆಕ್ಕ. ಮೈದಾನದ ಆಳುಗಳು ತೇಪೆಗೂ ಕಾಯದೆ ಏಣಿ ಸರಿಸಿ ವಿಮಾನ ನೂಕುತ್ತಾರೆ. ಸ್ತಿಯೆನಾ ಎದ್ದು "ನಿಲ್ಸಿ, ನಿಲ್ಸಿ!" ಎಂದು ಕೂಗಿದ್ದು ಎಂಜಿನ್ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ.

ಬಾಂಬುಗಳು ಬಂದರಿನ ಕಡೆ ಬೀಳುತ್ತಿವೆ. ನಾವು ಕಂದಕದಲ್ಲಿದ್ದೇವೆ. ಸ್ತಿಯೆನಾ ಎಡಭುಜವನ್ನು ಮತ್ತೆ ಮತ್ತೆ ತಡವಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಸೂಜಿ ಸಿಕ್ಕಿಸಿಕೊಳ್ಳುವ ಜಾಗ ಅದು.

"ಒಂಬತ್ತು ಹೊಲಿಗೆ ಬಾಕಿ ಇತ್ತು. ಗಂಟು ಹಾಕಿರ್ಲಿಲ್ಲ," ಎನ್ನುತ್ತಾರೆ. "ಗಾಳಿಗೆ ದಾರ ಸಡಿಲಾದ್ರೆ ರೆಕ್ಕೆ ಬಟ್ಟೆ ಕಿತ್ಕೊಂಡು ಹೋಗತ್ತೆ. ಆ ಹುಡುಗನ್ನ ನಾನೇ ಕೊಂದ ಹಾಗೆ."

ವಿಸ್ತಿನ್ ತನ್ನ ಬುತ್ತಿಯಿಂದ ಟೊಮ್ಯಾಟೊ ಉಜ್ಜಿದ ಬ್ರೆಡ್ಡು ಮುರಿದು ಅವರ ಕೈಗಿಡುತ್ತಾನೆ. ಆಷಾಕ್‌ನವನೊಬ್ಬ ಗುಡ್ಯಾದವರಿಗೆ ಉಣ್ಣಲು ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರು ತಿನ್ನುವುದಿಲ್ಲ, ಹಿಡಿದುಕೊಂಡೇ ಇರುತ್ತಾರೆ.

ಅರ್ಧ ಗಂಟೆಗೆ ಉಳಿದ ವಿಮಾನಗಳೆಲ್ಲ ಇಳಿಯುತ್ತವೆ, ಕೊಕ್ಕರೆಯದ್ದೊಂದಿಲ್ಲ. ಹತ್ತು ನಿಮಿಷ. ಮತ್ತೂ ಐದು. ಆಮೇಲೆ ಸಮುದ್ರದ ಕಡೆಯಿಂದ ಕೆಮ್ಮುವ ಎಂಜಿನ್ನಿನ ಸದ್ದು ಬರುತ್ತದೆ. ವಿಮಾನ ಕುಪ್ಪಳಿಸಿ ನೆಲ ಮುಟ್ಟಿ ಓಲಾಡಿ ನಿಲ್ಲುತ್ತದೆ. ಬಾಲದ ತುಂಬ ಗುಂಡಿನ ತೂತು. ಹ್ಯಾಲಮ್ ಕಾಲು ಬೀಸಿ ಇಳಿಯುತ್ತಾನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತೇಬಿಟ್ಟೆ.

ಸ್ತಿಯೆನಾ ಹುಡುಗನತ್ತ ನೋಡದೆ ಏಣಿ ಏರುತ್ತಾರೆ. ರೆಕ್ಕೆಯಲ್ಲಿ ಸೂಜಿ ಚುಚ್ಚಿದಲ್ಲೇ ಇದೆ. ದಾರ ಅದರ ಸುತ್ತ ಎಂಟರ ಅಂಕಿಯಂತೆ ಬಿಗಿಯಾಗಿ ಸುತ್ತಿಕೊಂಡಿದೆ. ಒಂದು ಹೊಲಿಗೆಯೂ ಸಡಿಲಾಗಿಲ್ಲ.

"ಅಮ್ಮ ಹೇಳ್ಕೊಟ್ಟಿದ್ದು," ಎಂದು ಮೊದಲ ಸಲ ನಗುತ್ತಾರೆ. "ಪ್ರಾರ್ಥನೆಗೆ ಏಳೋ ಮುಂಚೆ ದಾರಾನ ಹೀಗೆ ಸುತ್ತಿಡಬೇಕು, ಇಲ್ದಿದ್ರೆ ಬಾವುಟದ ಹೊಲಿಗೆ ಜಾರತ್ತೆ ಅಂತಿದ್ಲು. ಸುತ್ತಿದ್ದು ನಂಗೇ ನೆನಪಿಲ್ಲ ನೋಡಿ!"

ವಿಷಯ ತಿಳಿದ ಹ್ಯಾಲಮ್ ತನ್ನ ಹರುಕುಮುರುಕು ಮಾಲ್ಟೀ ಭಾಷೆಯಲ್ಲಿ ಕೇಳುತ್ತಾನೆ, "ಅಮ್ಮಾ, ಆ ಸೂಜಿ ನಂಗೆ ಕೊಡ್ತೀರಾ? ಜೇಬಲ್ಲಿ ಇಟ್ಕೋತೀನಿ."

"ಕೊಟ್ರೆ ನಿನ್ನ ರೆಕ್ಕೆ ಯಾವುದ್ರಲ್ಲಿ ಹೊಲೀಲಿ? ಹೋಗಪ್ಪ, ಚಹಾ ಕುಡಿ."

ನಿಮ್ಮ ಆಸೆ ಏನೆಂದು ನಾನು ಕೇಳುತ್ತೇನೆ. ಬಾಕಿ ಒಂಬತ್ತು ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕಚ್ಚಿ ತುಂಡರಿಸಿ, ಸೂಜಿಯನ್ನು ಎಡಭುಜಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಅವರ ಉತ್ತರ.

"ಇವತ್ತು ಅರ್ಧಕ್ಕೆ ಬಿಟ್ಟಿದ್ದು ಎರಡು. ಒಂದು ಮುಗೀತು. ಇನ್ನೊಂದು ಮುಗಿಸೋವರೆಗೂ ಆ ಸೈರನ್ ಕೂಗದಿದ್ರೆ ಸಾಕು."

ಏಣಿ ಇಳಿದು ಮತ್ತೆ ಅದೇ ಜಾಗದಲ್ಲಿ ಮೊಣಕಾಲೂರುತ್ತಾರೆ.