ಎರಡು ಆಂಪ್, ಒಂದು ಗಿಟಾರ್

ಖಾಸಬಾಗದ ಸನಾಉಲ್ಲಾ, ಮದುವೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾವೊಂದರಲ್ಲಿ ಇದ್ದಷ್ಟು ಕಾಲವೂ, ಒಂದೇ ಗಿಟಾರನ್ನು ಎರಡು ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುತ್ತಿದ್ದ. ಒಂದರ ದನಿ ಒರಟು, ಇನ್ನೊಂದರದು ತಿಳಿ. ಎರಡೂ ಸೇರಿದರೆ ಮದುವೆ ಕಾರ್ಯಾಲಯದ ಕೊನೆಯ ಸಾಲಿನವರೂ ಊಟ ಬಿಟ್ಟು ತಿರುಗಿ ನೋಡುತ್ತಿದ್ದರು. ಬೆರಳು ನಡುಗತೊಡಗಿದ ಮೇಲೆ ಅವನು ಗಿಟಾರನ್ನು ಮಗಳು ಸನಮಳಿಗೆ ಕೊಟ್ಟ. ಹಿರಿಯ ಮಗ ಆತಿಫ ಎದುರಿಗೇ ಕೂತಿದ್ದ. "ನಿನ್ನ ಕೈ ಭಾಳ ಬಿರುಸು," ಎಂದಷ್ಟೇ ಅವನಿಗೆ ಹೇಳಿದ.

ತಂದೆ ತೀರಿಕೊಂಡಾಗ ಆತಿಫ ತಿಳಿ ದನಿಯ ಆಂಪನ್ನು ತನ್ನ ಪಾಲೆಂದು ಹೊತ್ತೊಯ್ದ. ಉದ್ಯಮಬಾಗದ ಕಾರ್ಖಾನೆಯಲ್ಲಿ ದುಡಿಯುವವನಿಗೆ ಅದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಮಂಚದ ಕೆಳಗೆ ನೂಕಿಟ್ಟ. ಸನಮ ಕೇಳಿದಾಗಲೆಲ್ಲ ಇಲ್ಲವೆಂದ. ಅಣ್ಣ ತಂಗಿ ಈದ್‌ಗೂ ಜೊತೆಗೆ ಕೂತು ಉಣ್ಣದಂತಾದರು.

ಅಂಥವನು ಖಾನಾಪುರದ ಒಂದು ಆರತಕ್ಷತೆಗೆ, ಸನಮ ನುಡಿಸುವ ಆರ್ಕೆಸ್ಟ್ರಾ ನಡೆಸುವ ವಿನಯ ಕೇಳಿದ್ದೇ ತಡ, ಆಂಪ್ ಕೊಡಲು ಒಪ್ಪಿಕೊಂಡ. ಆಂಪನ್ನು ಬೈಕಿಗೆ ಕಟ್ಟಿಕೊಂಡು ತಾನೇ ತಂದ. ತಂದದ್ದು ಮಾತ್ರ ಹಾಡು ಶುರುವಾಗುವ ಹೊತ್ತಿಗೆ. ನುಡಿಸಿ ನೋಡಲು ಪುರುಸೊತ್ತೇ ಸಿಗಲಿಲ್ಲ.

ಮೊದಲ ಹಾಡಿನಲ್ಲೇ ಸನಮಳ ಗಿಟಾರ್ ಟೊಳ್ಳಾಯಿತು. ದಪ್ಪ ತಂತಿಗಳ ದನಿ ಎಲ್ಲಿಯೋ ಇಂಗಿಹೋಯಿತು. ದನಿ ಏರಿಸಿದಷ್ಟೂ ಅದು ತಗಡು ಬಡಿದಂತೆ ಕೇಳಿಸಿತು. "ತಂಗಿ, ತಂತಿ ಹರದಾವೇನ?" ಎಂದ ಮುಂದಿನ ಸಾಲಿನವನೊಬ್ಬ. ಸುತ್ತಲಿನವರು ನಕ್ಕರು. ಆತಿಫ ವೇದಿಕೆಯ ಬದಿಗೆ ಕೈಕಟ್ಟಿ ನಿಂತಿದ್ದ. ಅವನು ನಗಲಿಲ್ಲ, ಅವಳನ್ನೇ ನೋಡುತ್ತಿದ್ದ.

ಅವಳು ಅವನ ಆಂಪಿನ ವಾಯರ್ ಕಿತ್ತಳು. ದನಿ ಒಮ್ಮೆಲೇ ತುಂಬಿಕೊಂಡಿತು. ಹಾಡು ಮುಗಿದಾಗ ಅದೊಂದನ್ನೇ ಜೋಡಿಸಿ ನೋಡಿದಳು. ಅದೂ ಸರಿಯಾಗಿಯೇ ಇತ್ತು. ಬಿಡಿಯಾಗಿ ಎರಡೂ ಚೆಂದ, ಜೊತೆಯಾದರೆ ಕೆಡುಕು. ಒಂದರ ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದರೆ ದನಿಯನ್ನು ದನಿಯೇ ತಿನ್ನುತ್ತದೆಂದು ಅಬ್ಬಾ ತೋರಿಸಿಕೊಟ್ಟಿದ್ದರು. ಬಗ್ಗಿ ಅಣ್ಣನ ಆಂಪಿನ ಹಿಂಬದಿಗೆ ಇಣುಕಿದಳು. ಸ್ಪೀಕರಿಗೆ ಹೋಗುವ ಕೆಂಪು, ಕಪ್ಪು ವಾಯರ್‌ಗಳು ಅದಲುಬದಲಾಗಿದ್ದವು. ಬೆಸುಗೆ ಹೊಸದಾಗಿ ಮಿನುಗುತ್ತಿತ್ತು.

ಮನೆಯ ಉರ್ದು ಬಿಟ್ಟು, ಎಲ್ಲರಿಗೂ ತಿಳಿಯಲೆಂದೇ ಕನ್ನಡದಲ್ಲಿ ಕೇಳಿದಳು: "ಭಾಯಿ, ಈ ವಾಯರ್ ಯಾರ ತಿರುವಿ ಹಚ್ಯಾರ?"

"ನಾನ ಹಚ್ಚೇನಿ. ಏನ ಮಾಡ್ತಿ?"

"ಯಾಕ?"

"ಸಣ್ಣಾಂವ ಇದ್ದಾಗಿಂದ ಈ ಡಬ್ಬಾ ಹೊತ್ತಾಂವ ನಾನು, ಚಪ್ಪಾಳಿ ನಿನಗ. ಇವತ್ತ ಒಂದೀಟ ಮಂದಿ ನಗೂದೂ ತಗೋ."

"ಮನಿ ಜಗಳ ಮನ್ಯಾಗ ಮಾಡ್ರಿ, ಮಂದಿ ಕುಂತಾರ," ಎಂದು ವಿನಯ ನಡುವೆ ಬಂದ.

"ಅಂವಗ ಇನ್ನ ಮ್ಯಾಲ ನಮ್ಮ ಮನಿ ಇಲ್ಲ," ಎಂದಳು ಸನಮ. ಇಕ್ಕಳದಿಂದ ಬೆಸುಗೆ ಕಿತ್ತು, ವಾಯರ್‌ಗಳನ್ನು ಸರಿಯಾಗಿ ಹೊಸೆದು, ಅಣ್ಣನ ಕಣ್ಣೆದುರೇ ಎರಡೂ ಆಂಪ್ ಹಾಕಿ ನುಡಿಸಿದಳು. ನಕ್ಕವರೇ ಚಪ್ಪಾಳೆ ತಟ್ಟಿದರು. ಆತಿಫ ನಾಲ್ಕನೆಯ ಹಾಡಿನವರೆಗೆ ತಡೆದುಕೊಂಡ. ಆಮೇಲೆ ವೇದಿಕೆ ಹತ್ತಿ ಪ್ಲಗ್ ಕಿತ್ತು, ತನ್ನ ಆಂಪನ್ನು ಎತ್ತಿಕೊಂಡು ನಡೆದೇಬಿಟ್ಟ. ಅವಳು ಹಾಡು ನಿಲ್ಲಿಸಲಿಲ್ಲ, ತಡೆಯಲೂ ಇಲ್ಲ.

ಈಗ ಅವಳ ಬಳಿ ಗೋವಾದ ಬ್ಯಾಂಡಿನವರಿಂದ ಕೊಂಡ ಹಳೆಯ ಆಂಪೊಂದಿದೆ. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಎರಡರ ಹಿಂಬದಿಯನ್ನೂ ತಾನೇ ನೋಡುತ್ತಾಳೆ, ಬೇರೆ ಯಾರನ್ನೂ ಮುಟ್ಟಗೊಡುವುದಿಲ್ಲ. ಖಾಸಬಾಗದ ಸಂತೆಯಲ್ಲಿ ಅಣ್ಣ ಎದುರಾದರೆ ಅವನೇ ದಾರಿ ಬದಲಿಸುತ್ತಾನೆ. ಅವಳು ಬದಲಿಸುವುದಿಲ್ಲ.