ನೀಲಿ ಪ್ಲಾಸ್ಟಿಕ್ ಹೊದಿಸಿದ ಕಿಟಕಿ

ಗೋರೆಗಾಂವ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮಳೆಗಾಲ ಬಂತೆಂದರೆ ಬಾತ್‌ರೂಮಿನ ಗೋಡೆ ಕಪ್ಪಾಗುತ್ತಿತ್ತು. ಗಾಜಿನ ಪಟ್ಟಿಗಳ ಕಿಟಕಿಯಿಂದ ಎರಚಲು ನೇರ ಗೋಡೆಗೆ ಬಡಿಯುತ್ತಿತ್ತು. ಅಕ್ಕನಿಗೆ ದಮ್ಮು, ಬೂಸ್ಟಿನ ವಾಸನೆಗೇ ಕೆಮ್ಮು ಶುರು. ಎಷ್ಟು ಉಜ್ಜಿದರೂ ಆ ಕಲೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಮೂಡುತ್ತಿತ್ತು.

ಕೊನೆಗೆ ಅಕ್ಕ, ಚಾಲ್‌ನ ಸಾಲುಮನೆಗಳ ಮಾಡಿಗೆ ಹೊದಿಸುವ ನೀಲಿ ಪ್ಲಾಸ್ಟಿಕ್ ತಂದು ಕಿಟಕಿಗೆ ಒಳಗಿನಿಂದ ಟೇಪ್ ಹಚ್ಚಿ ಬಿಗಿದಳು.

"ಮಹಾರಾಣಿಗೆ ನೀಲಿ ಬೆಳಕಲ್ಲಿ ಸ್ನಾನ!" ಎಂದೆ.

"ನಗಾಡು ಮಾರಾಯ್ತಿ. ಆಮೇಲೆ ಗೋಡೆ ನೋಡು."

ಗೋಡೆ ನಿಜಕ್ಕೂ ಒಣಗಿತು. ಆದರೆ ಗಾಳಿ ಬೀಸಿದಾಗಲೆಲ್ಲ ಪ್ಲಾಸ್ಟಿಕ್ ಉಬ್ಬುತ್ತಿತ್ತು, ಮತ್ತೆ ಒಳಗೆಳೆದುಕೊಳ್ಳುತ್ತಿತ್ತು, ಆಚೆ ಯಾರೋ ಉಸಿರಾಡುತ್ತಿರುವ ಹಾಗೆ. ಅಲ್ಲಿ ನಿಂತು ಹಲ್ಲುಜ್ಜಲು ನನಗೆ ಮನಸ್ಸಾಗುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಳು. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಏನೋ ಕಡಿಮೆಯಾಗಿದೆ ಅನ್ನಿಸಿತು. ಬಾತ್‌ರೂಮಿನ ಗೋಡೆಯ ಮೇಲಿನ ಗ್ಯಾಸ್ ಗೀಸರ್ ಉರಿಯುವ ಸದ್ದಿತ್ತು. ನೀರು ಬೀಳುತ್ತಿತ್ತು. ಚೊಂಬಿನ ಸದ್ದಿರಲಿಲ್ಲ. ಅಕ್ಕ ಸ್ನಾನಕ್ಕೆ ನಿಂತರೆ ಗುನುಗದೆ ಇರುವವಳಲ್ಲ; ಆ ಗುನುಗೂ ಇರಲಿಲ್ಲ.

"ಅಕ್ಕಾ, ಮುಗೀತಾ?"

ಬಾಗಿಲ ಕೆಳಗಿನಿಂದ ಬಿಸಿನೀರು ಹರಿದು ಬಂದು ನನ್ನ ಪಾದ ಮುಟ್ಟಿತು.

ನನ್ನ ಕೂಗಿಗೆ ಎದುರು ಮನೆಯ ಅಂಕಲ್ ಓಡಿ ಬಂದರು. ಅವರ ಭುಜದ ಏಟಿಗೆ ಚಿಲಕ ಕಿತ್ತು ಬಂತು. ಆ ನೀಲಿ ಬೆಳಕಿನಲ್ಲಿ ಅಕ್ಕ ಗೋಡೆಗೊರಗಿ, ನಿದ್ದೆ ಹೋದವಳಂತೆ ಕುಳಿತಿದ್ದಳು. ಅವಳ ತಲೆಯ ಮೇಲೆ ಪ್ಲಾಸ್ಟಿಕ್ ಉಬ್ಬಿತು, ಒಳಗೆಳೆದುಕೊಂಡಿತು.

"ಖಿಡ್ಕಿ ಖೋಲೋ ಪೆಹಲೇ!" ಅಂಕಲ್ ಗೀಸರ್ ಆರಿಸುತ್ತಾ ಕಿರುಚಿದರು. ನಾನು ಉಗುರಿನಿಂದಲೇ ಪ್ಲಾಸ್ಟಿಕ್ ಹರಿದೆ. ಮಳೆ ಮುಖಕ್ಕೆ ರಾಚಿತು. ಅಕ್ಕನಿಗೆ ಬೆಡ್‌ಶೀಟ್ ಸುತ್ತಿ ಹಾಲ್‌ಗೆ ಎಳೆದು ತಂದೆವು.

ಅಕ್ಕ ಉಳಿದಳು. ಗಾಳಿಯಾಡದ ಕಡೆ ಗೀಸರಿನ ಉರಿಯಿಂದಲೇ ವಿಷಾನಿಲ ಹುಟ್ಟುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ ಎಂದರು ಆಸ್ಪತ್ರೆಯ ಡಾಕ್ಟರ್. ಬೂಸ್ಟಿಗಾದರೆ ವಾಸನೆಯಿತ್ತು.

ಈಗ ಕರೆಂಟಿನ ಗೀಸರ್ ಬಂದಿದೆ. ಕಿಟಕಿ ಸದಾ ತೆರೆದಿರುತ್ತದೆ. ಸ್ನಾನವಾದ ಮೇಲೆ ಒಣಬಟ್ಟೆಯಿಂದ ಗೋಡೆ ಒರೆಸುತ್ತೇವೆ. ಆದರೂ ಮೂಲೆಯಲ್ಲಿ ಆ ಕಪ್ಪು ಮರಳಿದೆ. ಕಂಡಾಗ ನನಗೆ ಸಿಟ್ಟು ಬರುವುದಿಲ್ಲ. ಬಾಗಿಲಿಗೆ ಮಾತ್ರ ಹೊಸ ಚಿಲಕ ಹಾಕಿಸಿಲ್ಲ.

"ಅಕ್ಕಾ, ಹಾಡು," ಎನ್ನುತ್ತೇನೆ ಹೊರಗೆ ನಿಂತು.

"ಸ್ನಾನ ಮಾಡ್ಲಿಕ್ಕಾದ್ರೂ ಬಿಡ್ತೀಯಾ ಮಾರಾಯ್ತಿ?"

"ಹಾಡ್ತಾ ಮಾಡು."

ಹಾಡುತ್ತಾಳೆ. ತಲೆಗೆ ನೀರು ಸುರಿದುಕೊಳ್ಳುವಾಗ ಒಂದು ಕ್ಷಣ ನಿಲ್ಲಿಸುತ್ತಾಳೆ. ಅಷ್ಟರಲ್ಲಿ ನನ್ನ ಕೈ ಬಾಗಿಲ ಮೇಲಿರುತ್ತದೆ.